ಪುಸ್ತಕದ ಪುಟಗಳಿಗೆ ಯಂತ್ರ ಓದುವ ಮಾಹಿತಿಯನ್ನು ಸೇರಿಸುವುದು: ಖರ್ಚಿಗೆ ತಕ್ಕ ಪ್ರಯೋಜನವಿದೆಯೇ?

ಗಾಂಧಿಬಜಾರ್ ಪ್ರಕಾಶಕ
ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ಒಂದು ಸಣ್ಣ ಕನ್ನಡ ಪ್ರಕಾಶನವನ್ನು ನಡೆಸುತ್ತಿದ್ದೇನೆ. ನಮ್ಮ ಜಾಲತಾಣದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಪುಟವಿದೆ. ಮುಖಪುಟ, ಬೆಲೆ, ಪುಟಸಂಖ್ಯೆ, ಲೇಖಕರ ಪರಿಚಯ ಎಲ್ಲವನ್ನೂ ಓದುವವರ ಕಣ್ಣಿಗೆ ಕಾಣುವಂತೆಯೇ ಕೊಟ್ಟಿದ್ದೇವೆ. ಆದರೂ ಹುಡುಕಿದವರಿಗೆ ಮೊದಲು ಸಿಗುವುದು ಎರಡು ಮುದ್ರಣಗಳ ಹಿಂದಿನ ಬೆಲೆ. ಇತ್ತೀಚೆಗೆ ಓದುಗರೊಬ್ಬರು ಒಂದು ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಕಳುಹಿಸಿಕೊಟ್ಟರು. ನಮ್ಮ ಲೇಖಕಿಯೊಬ್ಬರ ಕಥಾಸಂಕಲನವನ್ನು ಅದೇ ಹೆಸರು, ಅದೇ ಇನಿಷಿಯಲ್ ಇರುವ ಮತ್ತೊಬ್ಬರು ಬರೆದರೆಂದು ಅದು ಬಹಳ ವಿಶ್ವಾಸದಿಂದ ಹೇಳಿತ್ತು, ಆ ಇನ್ನೊಬ್ಬರು ಬರೆದಿರುವುದು ತೋಟಗಾರಿಕೆಯ ಪುಸ್ತಕಗಳನ್ನು!

ತಾಣವನ್ನು ನೋಡಿಕೊಳ್ಳುವ ಹುಡುಗ, ಪುಟಗಳಿಗೆ 'ಸ್ಟ್ರಕ್ಚರ್ಡ್ ಡೇಟಾ', ಎಂದರೆ ಇದು ಬೆಲೆ, ಇದು ಲೇಖಕರ ಹೆಸರು ಎಂದು ಯಂತ್ರಕ್ಕೆ ತಿಳಿಯುವಂತೆ ಗುರುತುಹಾಕಿದ ಮಾಹಿತಿ, ಸೇರಿಸಿದರೆ ಇದೆಲ್ಲ ಸರಿಹೋಗುತ್ತದೆ ಎನ್ನುತ್ತಾನೆ. ಅದಕ್ಕೆ ಆತ ಕೇಳುತ್ತಿರುವ ಹಣದಲ್ಲಿ ನಾನು ಒಂದು ಕವನಸಂಕಲನವನ್ನು ಅಚ್ಚುಹಾಕಿಸಬಹುದು. ಇದರಿಂದ ಪ್ರಯೋಜನವಾಗುವುದು ನಮಗೋ, ದೊಡ್ಡ ಕಂಪನಿಗಳಿಗೋ? ಅನುಭವ ಇರುವವರು ದಯವಿಟ್ಟು ತಿಳಿಸಿ.

ವೈಟ್‌ಫೀಲ್ಡ್ ವಾಸಿ
ಸರ್, ಹಣವನ್ನು ಕವನಸಂಕಲನಕ್ಕೇ ಹಾಕಿ. ಈ ಕನಸಿಗೆ ವಯಸ್ಸಾಗಿದೆ. ಜಾಲವನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರೇ 2001ರಲ್ಲಿ ಇನ್ನಿಬ್ಬರೊಡನೆ ಲೇಖನ ಬರೆದು, ಪುಟಗಳ ಅರ್ಥವನ್ನು ಯಂತ್ರಗಳು ಗ್ರಹಿಸಿ ನಮ್ಮ ಪರವಾಗಿ ವೈದ್ಯರ ಭೇಟಿಯ ಸಮಯವನ್ನೂ ಗೊತ್ತುಮಾಡುತ್ತವೆ ಎಂದು ಹೇಳಿದ್ದರು. ಅದಕ್ಕೂ ಮೊದಲು, 1999ರಲ್ಲಿಯೇ, ಮಾಹಿತಿಯನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಆರ್‌ಡಿಎಫ್ ಎಂಬ ಮಾನದಂಡ ಬಂದಿತ್ತು. 2004ರಲ್ಲಿ ಪದಗಳ ಅರ್ಥಸಂಬಂಧಗಳನ್ನು ವಿವರಿಸುವ ಔಲ್, 2008ರಲ್ಲಿ ಆ ಮಾಹಿತಿಯನ್ನು ಪ್ರಶ್ನಿಸುವ ಸ್ಪಾರ್ಕಲ್ ಎಂಬ ಭಾಷೆ ಬಂದವು. ಮಾನದಂಡಗಳ ಮೇಲೆ ಮಾನದಂಡ ಬಂದರೂ ಸಾಮಾನ್ಯ ತಾಣದವರು ಯಾರೂ ಅವನ್ನು ಮುಟ್ಟಲಿಲ್ಲ.

ಈಗಂತೂ ದೊಡ್ಡ ಭಾಷಾ ಮಾದರಿಗಳು ಬರೀ ಗದ್ಯವನ್ನೇ ಓದಿ ಬೆಲೆ ಯಾವುದು, ಲೇಖಕರು ಯಾರು ಎಂದು ಬೇರ್ಪಡಿಸುತ್ತವೆ. ಮನುಷ್ಯನಿಗಾಗಿ ಬರೆದದ್ದನ್ನು ಯಂತ್ರವೇ ಓದುವಂತಾದ ಮೇಲೆ, ಯಂತ್ರಕ್ಕಾಗಿ ಅದನ್ನೇ ಎರಡನೆಯ ಸಲ ಬರೆಯುವ ಕೂಲಿ ಕೆಲಸ ಏಕೆ ಬೇಕು?

ಜಯನಗರ ನಾಲ್ಕನೇ ಬ್ಲಾಕ್
ವೈಟ್‌ಫೀಲ್ಡ್ ಅವರೇ, ನೀವು ದೊಡ್ಡ ಕನಸಿನ ಸೋಲನ್ನು ಸಣ್ಣ ಕೆಲಸದ ತಲೆಗೆ ಕಟ್ಟುತ್ತಿದ್ದೀರಿ. ಇಡೀ ಜಗತ್ತಿನ ಜ್ಞಾನವನ್ನು ತರ್ಕಬದ್ಧವಾಗಿ ಜೋಡಿಸುವ ಯೋಜನೆ ಜನಸಾಮಾನ್ಯರ ತಾಣಗಳನ್ನು ತಲುಪಲಿಲ್ಲವೆಂಬುದು ನಿಜ. ಆದರೆ 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಮೂರೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪದಕೋಶವನ್ನು ಹೊರತಂದವು, ಅದೇ ವರ್ಷ ರಷ್ಯಾದ ಹುಡುಕು ತಾಣ ಯಾಂಡೆಕ್ಸ್ ಕೂಡ ಸೇರಿಕೊಂಡಿತು. ಪುಸ್ತಕಕ್ಕೆ ಏನು ಕರೆಯಬೇಕು, ಬೆಲೆಗೆ ಏನು, ಕಾರ್ಯಕ್ರಮಕ್ಕೆ ಏನು ಎಂಬ ಪಟ್ಟಿ ಅದು, ಅಷ್ಟೇ. 2014ರಲ್ಲಿ ಜೇಸನ್-ಎಲ್‌ಡಿ ಎಂಬ ಬರೆಯುವ ಕ್ರಮ ಬಂದ ಮೇಲೆ ಇಡೀ ಪುಟವನ್ನು ಒಡೆದು ಬರೆಯುವ ಅಗತ್ಯವೂ ಹೋಯಿತು. ಪುಟದ ತಲೆಭಾಗದಲ್ಲಿ ಕಣ್ಣಿಗೆ ಕಾಣದ ಒಂದು ಸಣ್ಣ ತುಣುಕನ್ನು ಇಟ್ಟರೆ ಸಾಕು. ಇಂದು ಅಡುಗೆಯ ತಾಣದ ಪಾಕವಿಧಾನಕ್ಕೆ ಹುಡುಕು ಫಲಿತಾಂಶದಲ್ಲೇ ಚಿತ್ರವೂ ಸಮಯವೂ ಕಾಣುವುದು, ಉದ್ಯೋಗದ ಜಾಹೀರಾತು ಊರಿನ ಹೆಸರಿನೊಂದಿಗೆ ಬರುವುದು ಇದರಿಂದಲೇ.

ಪ್ರಕಾಶಕರಿಗೆ ಒಂದು ಮಾತು. ನಿಮ್ಮ ತಾಣದ ಪುಸ್ತಕಗಳು ಹೇಗಿದ್ದರೂ ಒಂದು ಡೇಟಾಬೇಸಿನಿಂದಲೇ ಬರುತ್ತಿರಬೇಕು. ಹಾಗಿದ್ದರೆ ಆ ತುಣುಕಿನ ಅಚ್ಚನ್ನು (ಟೆಂಪ್ಲೇಟ್) ಒಮ್ಮೆ ಬರೆದರೆ ಎಲ್ಲ ಪುಟಗಳಿಗೂ ಅದೇ ಸಾಕು. ಪುಟದ ಲೆಕ್ಕದಲ್ಲಿ ಹಣ ಕೇಳುತ್ತಿದ್ದರೆ ಆ ಹುಡುಗನನ್ನು ಮತ್ತೊಮ್ಮೆ ಕೇಳಿ ನೋಡಿ.

ಹನುಮಂತನಗರ
ಪುಟದ ಲೆಕ್ಕದಲ್ಲಿಯೇ ಕೇಳಿರುತ್ತಾನೆ, ನೋಡುತ್ತಿರಿ.

ಗಾಂಧಿಬಜಾರ್ ಪ್ರಕಾಶಕ
ಹೌದು, ಪುಟದ ಲೆಕ್ಕದಲ್ಲಿಯೇ ಕೇಳಿದ್ದಾನೆ. ನಾಳೆ ಮಾತನಾಡುತ್ತೇನೆ.

ಲೆಕ್ಕಪತ್ರ ಮಲ್ಲೇಶ್ವರ
ಯಂತ್ರ ಓದುವ ಮಾಹಿತಿಯನ್ನು ಸಾಮಾನ್ಯರು ಮುಟ್ಟಲಿಲ್ಲ ಎಂಬ ಮಾತನ್ನು ಲೆಕ್ಕಪರಿಶೋಧಕನಾಗಿ ನಾನು ಒಪ್ಪಲಾರೆ. ಬಿಲ್ಲನ್ನು ಸರ್ಕಾರದ ತಾಣದಲ್ಲಿ ನೋಂದಾಯಿಸುವ ಜಿಎಸ್‌ಟಿಯ ಇ-ಇನ್‌ವಾಯ್ಸ್ ಎಂದರೆ ಮತ್ತೇನು? 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಂದ ಆರಂಭವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿಯವರೆಗೆ ಇಳಿಯಿತು. ಬಿಲ್ಲಿನ ಪ್ರತಿಯೊಂದು ಅಂಕಣಕ್ಕೂ ದೇಶಾದ್ಯಂತ ಒಂದೇ ಹೆಸರು, ಒಂದೇ ವಿನ್ಯಾಸ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಇವುಗಳಿಂದ 64 ಅಕ್ಷರಗಳ ಒಂದು ಗುರುತು ಹುಟ್ಟುತ್ತದೆ. ಆ ಗುರುತು ಮತ್ತೊಂದು ಬಿಲ್ಲಿಗೆ ಬರುವುದಿಲ್ಲ.

ಸರಕಿನ ಅರ್ಥವನ್ನು ಹೇಳುವುದಕ್ಕೂ ಮಾತು ಬೇಕಾಗಿಲ್ಲ. ಮುದ್ರಿತ ಪುಸ್ತಕಕ್ಕೆ ಎಚ್‌ಎಸ್‌ಎನ್ ಎಂಬ ಸರಕಿನ ಸಂಕೇತದಲ್ಲಿ 4901 ಎಂದು ಬರೆದರೆ ಚಿಕ್ಕಪೇಟೆಯಲ್ಲಿಯೂ ಅದೇ ಅರ್ಥ, ಹ್ಯಾಂಬರ್ಗ್ ಬಂದರಿನಲ್ಲಿಯೂ ಅದೇ ಅರ್ಥ. ಹಳೆಯ ಕಾಲದಲ್ಲಿ ನಮ್ಮ ಕಚೇರಿಯ ಹುಡುಗರು ಗ್ರಾಹಕರ ಬಿಲ್ಲುಗಳನ್ನು ನೋಡಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಒಂದೊಂದಾಗಿ ಕುಟ್ಟುತ್ತಿದ್ದರು. ಏಳು ಒಂದಾಗುವುದು, ಒಂದು ಏಳಾಗುವುದು ತಪ್ಪುತ್ತಿರಲಿಲ್ಲ. ಈಗ ಆ ಗೋಳು ಬಹುಮಟ್ಟಿಗೆ ಇಲ್ಲ.

ವೈಟ್‌ಫೀಲ್ಡ್ ವಾಸಿ
ಸರ್, ನಿಮ್ಮ ಉದಾಹರಣೆ ನನ್ನ ಮಾತನ್ನೇ ಗಟ್ಟಿಮಾಡುತ್ತದೆ. ಅಲ್ಲಿ ಕಾನೂನಿದೆ, ದಂಡವಿದೆ, ತಪ್ಪು ಬರೆದರೆ ಸರ್ವರ್ ಒಪ್ಪುವುದೇ ಇಲ್ಲ. ತೆರೆದ ಜಾಲದಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ಹಿಂದೆ ಪುಟಗಳಲ್ಲಿ 'ಕೀವರ್ಡ್ಸ್' ಎಂಬ ಗುಪ್ತ ಪಟ್ಟಿ ಇರುತ್ತಿತ್ತು. ಹೋಮಿಯೋಪತಿ ಔಷಧ ಮಾರುವವನು ಅದರಲ್ಲಿ ಸಿನಿಮಾ ತಾರೆಯರ ಹೆಸರುಗಳನ್ನು ತುಂಬುತ್ತಿದ್ದ. ತಮ್ಮ ಜಾಲ ಹುಡುಕಾಟದ ಶ್ರೇಣಿಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ನಮ್ಮ ಅಡುಗೆಮನೆಯ ಬಿಸ್ಕತ್ತಿನ ಡಬ್ಬದಲ್ಲಿ ಸಾಸಿವೆ ಇರುತ್ತದಲ್ಲ, ಮೇಲಿನ ಚೀಟಿಯನ್ನು ನಂಬಿ ಕೈಹಾಕುವವರು ಮನೆಗೆ ಹೊಸಬರು ಮಾತ್ರ. ಯಂತ್ರ ಯಾವಾಗಲೂ ಹೊಸಬನೇ.

ನಿವೃತ್ತ ಗ್ರಂಥಪಾಲಕಿ
ಚರ್ಚೆ ಚೀಟಿಯ ಸುತ್ತಲೇ ತಿರುಗುತ್ತಿದೆ. ಪ್ರಕಾಶಕರ ಮೂಲ ತೊಂದರೆ ಒಂದೇ ಹೆಸರಿನ ಇಬ್ಬರು ಲೇಖಕರದು. ಅದಕ್ಕೆ ಪರಿಹಾರವನ್ನು ಗ್ರಂಥಾಲಯಗಳು ಕಂಪ್ಯೂಟರಿಗಿಂತ ಬಹಳ ಮೊದಲೇ ಕಂಡುಕೊಂಡಿದ್ದವು, ಒಬ್ಬೊಬ್ಬ ಲೇಖಕರಿಗೂ ಒಂದೊಂದು ನಿಗದಿತ ಹೆಸರನ್ನು ಬರೆದಿಡುವ ಅದನ್ನು ನಾವು ಪ್ರಮಾಣಿತ ಹೆಸರುಗಳ ಕಡತ ಎನ್ನುತ್ತೇವೆ.

ಕನ್ನಡದಲ್ಲಿ ಈ ಕೆಲಸ ಎಷ್ಟು ಕಷ್ಟವೆಂದು ನೋಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಬರೆದರು. ಶ್ರೀನಿವಾಸ ಎಂಬ ಹೆಸರಿನವರು ಪ್ರತಿ ಬೀದಿಗೂ ಇದ್ದಾರೆ. ಬೇಂದ್ರೆಯವರು ಒಂದು ಕಡೆ ದ.ರಾ. ಬೇಂದ್ರೆ, ಇನ್ನೊಂದು ಕಡೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಮತ್ತೊಂದು ಕಡೆ ಅಂಬಿಕಾತನಯದತ್ತ. ಇನಿಷಿಯಲ್‌ಗಳ ನಡುವೆ ಚುಕ್ಕೆ ಇಡುವವರುಂಟು, ಜಾಗ ಬಿಡುವವರುಂಟು, ಎರಡನ್ನೂ ಮಾಡದವರುಂಟು. ಒಬ್ಬರೇ ವ್ಯಕ್ತಿ ಹತ್ತು ಸಾಲುಗಳಾಗಿ ಒಡೆದುಹೋಗುವುದೂ, ಹತ್ತು ಜನ ಒಂದೇ ಸಾಲಿಗೆ ಸೇರಿಹೋಗುವುದೂ ನಮ್ಮ ಸೂಚಿಗಳಲ್ಲಿ ದಿನನಿತ್ಯದ ಕಥೆಯಾಗಿತ್ತು. ಭಾಷಾ ಮಾದರಿ ಎಷ್ಟೇ ಜಾಣವಾಗಿದ್ದರೂ ಪಠ್ಯದಲ್ಲಿ ಇಲ್ಲದ ವ್ಯತ್ಯಾಸವನ್ನು ಎಲ್ಲಿಂದ ತಂದೀತು? ಇಬ್ಬರು ಬೇರೆ ಬೇರೆ ಎಂದು ಯಾರಾದರೂ ಮನುಷ್ಯರು ಒಂದು ಕಡೆ ಬರೆದಿಡಲೇಬೇಕು.

ಇನ್ನೊಂದು ಮಾತು. ಮಾಹಿತಿಯನ್ನು ಮುಖಗಳಾಗಿ ಬಿಡಿಸಿಡುವ ವಿಚಾರ ನಮ್ಮ ಊರಿಗೆ ಹೊಸದಲ್ಲ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ ಎಂಬ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಪದ್ಧತಿ ಪ್ರಕಟವಾದದ್ದು 1933ರಲ್ಲಿ. ಒಂದು ವಿಷಯವನ್ನು ಒಂದೇ ಗೂಡಿಗೆ ತಳ್ಳದೆ, ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಅದನ್ನು ವರ್ಣಿಸಬೇಕೆಂದು ಅವರು ಹೇಳಿದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಅದು ಈಗಲೂ ಮೈಸೂರು ರಸ್ತೆಯಲ್ಲಿದೆ. ಇಂದು ಯಾವುದೇ ಮಾರಾಟದ ತಾಣದಲ್ಲಿ ಬೆಲೆ, ಬಣ್ಣ, ಅಳತೆ ಎಂದು ಪಕ್ಕದಲ್ಲಿ ಸೋಸುವ ಪಟ್ಟಿ ಕಂಡಾಗ ನನಗೆ ಅವರ ನೆನಪಾಗುತ್ತದೆ.

ಜಯನಗರ ನಾಲ್ಕನೇ ಬ್ಲಾಕ್
ಮೇಡಂ, ಬಹಳ ಉಪಯುಕ್ತವಾದ ಮಾತು. ಡಿಆರ್‌ಟಿಸಿಯ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದರೂ ಅದು ಏನೆಂದು ಗೊತ್ತಿರಲಿಲ್ಲ.

ವಿಕಿ ಬಳಗದವಳು
ಗ್ರಂಥಪಾಲಕಿಯವರು ಹೇಳಿದ 'ಒಂದು ಕಡೆ ಬರೆದಿಡುವ' ಆ ಜಾಗ ಈಗಾಗಲೇ ಇದೆ. ವಿಕಿಪೀಡಿಯದ ಬಳಗದ ವಿಕಿಡೇಟಾ ಎಂಬ ತೆರೆದ ಮಾಹಿತಿ ಕೋಶ 2012ರ ಅಕ್ಟೋಬರ್ 29ರಂದು ಆರಂಭವಾಯಿತು. ಈಗ ಅಲ್ಲಿ ಹತ್ತು ಕೋಟಿಗೂ ಹೆಚ್ಚು ಸಂಗತಿಗಳಿಗೆ ಗುರುತಿನ ಸಂಖ್ಯೆಗಳಿವೆ. ಬೆಂಗಳೂರಿನದು ಕ್ಯೂ 1355, ಕರ್ನಾಟಕದ್ದು ಕ್ಯೂ 1185, ಭಾರತದ್ದು ಕ್ಯೂ 668. 'ಬೆಂಗಳೂರು ಭಾರತದಲ್ಲಿದೆ' ಎಂಬ ಮಾತು ಅಲ್ಲಿ ಕ್ಯೂ 1355, ಪಿ 17, ಕ್ಯೂ 668 ಎಂದು ಮೂರು ತುಂಡುಗಳಾಗಿ ಕೂತಿರುತ್ತದೆ. ನಡುವಿನ ಪಿ 17 ಎಂದರೆ ದೇಶ ಎಂಬ ಸಂಬಂಧ. ವೈಟ್‌ಫೀಲ್ಡ್ ಅವರು ಹೀಗಳೆದ ಆರ್‌ಡಿಎಫ್‌ನ ತಿರುಳು ಇದೇ ಮೂರು ತುಂಡುಗಳು. ಅವರು ಸತ್ತಿತೆಂದ ಸ್ಪಾರ್ಕಲ್‌ನಲ್ಲಿಯೇ ಇಂದಿಗೂ ವಿಕಿಡೇಟಾವನ್ನು ಪ್ರಶ್ನಿಸುತ್ತೇವೆ.

ಇದರ ಬೆಲೆ ಗೊತ್ತಾಗುವುದು ಹೆಸರು ಬದಲಾದಾಗ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಹೆಸರನ್ನೇ ಗುರುತಾಗಿ ಬಳಸಿದ್ದ ಪಟ್ಟಿಗಳಲ್ಲಿ ಹಳೆಯ ಬ್ಯಾಂಗಲೋರ್ ಒಂದು ಊರು, ಹೊಸ ಬೆಂಗಳೂರು ಇನ್ನೊಂದು ಊರು ಎಂಬಂತಾಯಿತು. ಕ್ಯೂ 1355 ಮಾತ್ರ ಹಾಗೆಯೇ ಉಳಿಯಿತು.

ಪ್ರಕಾಶಕರೇ, ನಿಮ್ಮ ಲೇಖಕಿಗೆ ಅಲ್ಲಿ ಒಂದು ಪುಟವಿದೆಯೇ ಎಂದು ಮೊದಲು ನೋಡಿ. ಇದ್ದರೆ ನಿಮ್ಮ ತಾಣದ ಲೇಖಕರ ಪುಟದಲ್ಲಿ 'ಸೇಮ್ ಆ್ಯಸ್' ಎಂಬ ಅಂಕಣದಲ್ಲಿ ಆ ಕೊಂಡಿಯನ್ನು ಕೊಡಿ. ತೋಟಗಾರಿಕೆಯವರಿಂದ ಅವರನ್ನು ಬೇರ್ಪಡಿಸುವುದಕ್ಕೆ ನೀವು ಮಾಡಬಹುದಾದ ಅತ್ಯಂತ ಅಗ್ಗದ ಕೆಲಸ ಅದೇ.

ವೈಟ್‌ಫೀಲ್ಡ್ ವಾಸಿ
ಸತ್ತಿತು ಎಂದು ನಾನು ಬರೆಯಲಿಲ್ಲ, ಸಾಮಾನ್ಯ ತಾಣದವರು ಮುಟ್ಟಲಿಲ್ಲ ಎಂದೆ. ವಿಕಿಡೇಟಾ ಸಾಮಾನ್ಯ ತಾಣವಲ್ಲ. ಗುರುತಿನ ಸಂಖ್ಯೆಯ ಮಾತನ್ನು ಒಪ್ಪುತ್ತೇನೆ, ಅದು ಪುಟದ ಗುಪ್ತ ತುಣುಕುಗಳಿಗಿಂತ ಗಟ್ಟಿಯಾದ ವಾದ. ಆದರೆ ಆ ಸಂಖ್ಯೆಯನ್ನು ಕಾಯುವವರು ಸ್ವಯಂಸೇವಕರು. 2010ರಲ್ಲಿ ಗೂಗಲ್ ಕೊಂಡ ಫ್ರೀಬೇಸ್ ಎಂಬ ಇಂಥದೇ ಕೋಶದಲ್ಲಿಯೂ ಹೀಗೆಯೇ ಜನ ಕೂತು ಗುರುತುಗಳನ್ನು ಕಟ್ಟಿದ್ದರು. 2016ರಲ್ಲಿ ಅದು ಮುಚ್ಚಿತು.

ವಿಕಿ ಬಳಗದವಳು
ಮುಚ್ಚುವ ಮೊದಲು ಅದರ ಮಾಹಿತಿಯ ಒಂದು ಪಾಲು ವಿಕಿಡೇಟಾಕ್ಕೆ ಬಂದಿತು. ವಿಕಿಡೇಟಾದ ಮಾಹಿತಿ ಸಿಸಿ0 ಪರವಾನಗಿಯಲ್ಲಿದೆ. ಯಾರು ಬೇಕಾದರೂ ಪೂರ್ತಿ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ಒಬ್ಬ ಮಾಲೀಕ ಬಾಗಿಲು ಹಾಕಿಕೊಂಡು ಹೋಗುವ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಅಕ್ಷರ ತಪಾಸಿಗ
ನೀವೆಲ್ಲ ಮೂರನೆಯ ಮಹಡಿಯ ಬಣ್ಣದ ಬಗ್ಗೆ ವಾದಿಸುತ್ತಿದ್ದೀರಿ, ಕೆಳಗೆ ಪಾಯವೇ ಸರಿಯಿಲ್ಲ. ಕನ್ನಡದಲ್ಲಿ ಯಂತ್ರ ಓದುವ ಮಾಹಿತಿಯ ಮಾತು ಅಕ್ಷರದಿಂದ ಶುರುವಾಗಬೇಕು.

ಪ್ರಕಾಶಕರೇ, ನಿಮ್ಮ ಹಳೆಯ ಪುಸ್ತಕಗಳ ವಿವರಗಳು ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಇದ್ದು, ಆಮೇಲೆ ಯೂನಿಕೋಡ್ ಎಂಬ ಎಲ್ಲ ಭಾಷೆಗಳ ಸಮಾನ ಅಕ್ಷರ ಸಂಕೇತಕ್ಕೆ ಪರಿವರ್ತನೆಯಾಗಿದ್ದರೆ ಒಂದು ಪರೀಕ್ಷೆ ಮಾಡಿ. ಈ ಎರಡು ಪದಗಳನ್ನು ನೋಡಿ: ಬೆಂಗಳೂರು, ಬೆ೦ಗಳೂರು. ಓದುವವರಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಎಂಬ ಅಂಕಿ. ಕಣ್ಣು ಮೋಸಹೋದರೂ ಯಂತ್ರ ಹೋಗುವುದಿಲ್ಲ. ಅದಕ್ಕೆ ಇವು ಎರಡು ಬೇರೆ ಪದಗಳು. ನಾನು ಕರಡು ತಿದ್ದುವ ಕೆಲಸದಲ್ಲಿರುವವನು, ಈ ಸೊನ್ನೆಯ ಕಾಟವನ್ನು ದಿನವೂ ನೋಡುತ್ತೇನೆ. ಇದರ ಅಣ್ಣನೂ ಒಬ್ಬನಿದ್ದಾನೆ. 'ಕೊಡೆ' ಎಂಬ ಪದದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆಂದು ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಆಕಾರ. ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನ ಯೂನಿಕೋಡಿನಲ್ಲಿಯೇ ಇದೆ, ತಾಣ ಕಟ್ಟುವವರು ಅದನ್ನು ಚಲಾಯಿಸಿರಬೇಕು, ಅಷ್ಟೇ. ಆದರೆ ಸೊನ್ನೆಯ ತಪ್ಪನ್ನು ಆ ವಿಧಾನ ತಿದ್ದುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಅದು ತಪ್ಪೇ ಅಲ್ಲ, ಪದದ ನಡುವೆ ಯಾರೋ ಬೇಕೆಂದೇ ಬರೆದ ಅಂಕಿ. ಅದನ್ನು ಹುಡುಕಿ ಕೈಯಿಂದಲೇ ಬದಲಿಸಬೇಕು.

ಗಾಂಧಿಬಜಾರ್ ಪ್ರಕಾಶಕ
ಈಗಷ್ಟೇ ನಮ್ಮ ತಾಣದಲ್ಲಿ ಆ ಸೊನ್ನೆಯನ್ನು ಹುಡುಕಿ ನೋಡಿದೆ. ಹಳೆಯ ಪಟ್ಟಿಯ ತುಂಬ ಅದೇ ಇದೆ. ಒಂದು ಪುಸ್ತಕದ ಶೀರ್ಷಿಕೆಯಲ್ಲಿಯೇ ಇದೆ! ಅದನ್ನು ಯಾರೂ ಹುಡುಕಿ ಕೊಳ್ಳಲಿಲ್ಲವೇಕೆ ಎಂದು ಲೇಖಕರು ನನ್ನ ಮೇಲೆ ಮುನಿಸಿಕೊಂಡಿದ್ದರು.

ಹನುಮಂತನಗರ
ಲೇಖಕರಿಗೆ ಸೊನ್ನೆ ಮಾರಾಟದ ಕಾರಣ ಸೊನ್ನೆಯೇ ಎಂದು ತಿಳಿಸಿಬಿಡಿ.

ಕಿವಿಯಿಂದ ಓದುವವ
ನಾನು ದೃಷ್ಟಿಯಿಲ್ಲದ ಓದುಗ, ಪರದೆ ಓದುವ ತಂತ್ರಾಂಶದ ನೆರವಿನಿಂದ ಈ ಚರ್ಚೆಯನ್ನು ಕೇಳುತ್ತಿದ್ದೇನೆ. ಅಕ್ಷರ ತಪಾಸಿಗರು ತೋರಿಸಿದ ಎರಡನೆಯ ಪದವನ್ನು ನನ್ನ ಯಂತ್ರ 'ಬೆ ಸೊನ್ನೆ ಗಳೂರು' ಎಂದು ಓದಿತು. ಆದ್ದರಿಂದ ಯಂತ್ರಕ್ಕೆ ಅರ್ಥವಾಗುವಂತೆ ಬರೆಯುವುದು ಕಂಪನಿಗಳ ಸೇವೆ ಮಾತ್ರ ಎಂಬ ವಾದವನ್ನು ನಾನು ಒಪ್ಪಲಾರೆ. ನನ್ನ ಮತ್ತು ಪುಸ್ತಕದ ನಡುವೆ ಇರುವುದೂ ಒಂದು ಯಂತ್ರವೇ.

ಪ್ರಕಾಶಕರಲ್ಲಿ ಒಂದು ವಿನಂತಿ. ಎಷ್ಟೋ ಕನ್ನಡ ತಾಣಗಳು ಇಂಗ್ಲಿಷಿನ ಸಿದ್ಧ ಅಚ್ಚನ್ನು ತಂದು ಕಟ್ಟಿದವು. ಪುಟದ ಭಾಷೆ ಯಾವುದೆಂದು ಹೇಳುವ ಅಂಕಣದಲ್ಲಿ ಇಂಗ್ಲಿಷ್ ಎಂದೇ ಉಳಿದುಬಿಟ್ಟಿರುತ್ತದೆ. ಅದನ್ನು ನಂಬಿ ನನ್ನ ತಂತ್ರಾಂಶ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡವನ್ನು ಓದಲು ಹೋಗುತ್ತದೆ, ಇಲ್ಲವೇ ಸುಮ್ಮನೆ ಕೂರುತ್ತದೆ. ಕನ್ನಡಕ್ಕೆ ಗೊತ್ತುಮಾಡಿರುವ ಎರಡು ಅಕ್ಷರಗಳ ಸಂಕೇತವನ್ನು ಅಲ್ಲಿ ಬರೆದರೆ ಸಾಕು, ಹುಡುಗ ಅದಕ್ಕೂ ಪುಟದ ಲೆಕ್ಕದಲ್ಲಿ ಹಣ ಕೇಳಿದರೆ ದಯವಿಟ್ಟು ನನಗೆ ಅವನ ಜೊತೆ ಮಾತನಾಡಲು ಬಿಡಿ.

ವೈಟ್‌ಫೀಲ್ಡ್ ವಾಸಿ
ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ, ಸರ್. ಭಾಷೆಯ ಸಂಕೇತವನ್ನು ಎಲ್ಲರೂ ಹಾಕಲೇಬೇಕು.

ವಾರ್ಡು ಕಾರ್ಯಕರ್ತ
ಗುರುತಿನ ಸಂಖ್ಯೆ ಎಂದಾಗ ನಮ್ಮ ನಗರದ ಗೋಳು ನೆನಪಾಯಿತು. ಕಸ, ಕೆರೆ, ರಸ್ತೆಗುಂಡಿಗಳ ಲೆಕ್ಕವನ್ನು ಇಡುವ ಸಣ್ಣ ಗುಂಪೊಂದರಲ್ಲಿದ್ದೇನೆ. ಬಿಬಿಎಂಪಿಯಲ್ಲಿ ಮೊದಲು 198 ವಾರ್ಡುಗಳಿದ್ದವು. 2022ರಲ್ಲಿ 243 ಎಂದರು, 2023ರಲ್ಲಿ 225 ಎಂದರು, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳೇ ಬಂದವು. ಪ್ರತಿ ಸಲವೂ ವಾರ್ಡಿನ ಸಂಖ್ಯೆಗಳು ಒಂದರಿಂದ ಮತ್ತೆ ಆರಂಭವಾಗುತ್ತವೆ. 'ವಾರ್ಡ್ 50ರಲ್ಲಿ ಚರಂಡಿ ಕಾಮಗಾರಿ' ಎಂಬ ಸಾಲನ್ನು ಹಳೆಯ ದಾಖಲೆಯಲ್ಲಿ ಕಂಡರೆ ಅದು ಯಾವ 50 ಎಂದು ವರ್ಷವನ್ನು ನೋಡಿ ಊಹಿಸಬೇಕು.

ಅದರ ಮೇಲೆ, ಕೈಗೆ ಸಿಗುವ ಪಟ್ಟಿಗಳಲ್ಲಿ ಅನೇಕವು ಪಿಡಿಎಫ್‌ನಲ್ಲಿರುತ್ತವೆ. ಪಿಡಿಎಫ್ ಎಂದರೂ ಅಕ್ಷರಗಳಲ್ಲ, ಮುದ್ರಿಸಿ, ಸಹಿಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರ. ಕಂಪ್ಯೂಟರಿನಲ್ಲಿ ಎಕ್ಸೆಲ್ ಆಗಿ ಹುಟ್ಟಿದ ಪಟ್ಟಿಯನ್ನು ಕಾಗದಕ್ಕೆ ಇಳಿಸಿ, ಮತ್ತೆ ಕಂಪ್ಯೂಟರಿಗೆ ಚಿತ್ರವಾಗಿ ಏರಿಸುವುದರ ಹಿಂದಿನ ಜಾಣತನ ನನಗೆ ಇಂದಿಗೂ ಅರ್ಥವಾಗಿಲ್ಲ. ಕೇಂದ್ರ ಸರ್ಕಾರ 2012ರಲ್ಲಿಯೇ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಹಂಚಿಕೊಳ್ಳುವ ನೀತಿಯನ್ನು ಮಾಡಿತು. ಚಾಟ್‌ಬಾಟ್‌ಗಳು ಆ ಓರೆ ಚಿತ್ರವನ್ನು ಓದುತ್ತವೆ ಎಂದು ವೈಟ್‌ಫೀಲ್ಡ್ ಅವರು ಹೇಳಬಹುದು. ಓದುತ್ತವೆ, ನಾವೂ ಬಳಸುತ್ತೇವೆ. ಕನ್ನಡದ ಅಂಕಿಗಳಲ್ಲಿರುವ ಅಂಕಣದಲ್ಲಿ ೩ನ್ನು ೬ ಎಂದು ಓದಿ, ಯಾವ ಅಳುಕೂ ಇಲ್ಲದೆ ಒಟ್ಟು ಮೊತ್ತವನ್ನೂ ಕೂಡಿಸಿ ಕೊಟ್ಟ ಮೇಲೆ, ಪ್ರತಿ ಸಾಲನ್ನೂ ನಾವೇ ಮತ್ತೆ ನೋಡಬೇಕಾಗುತ್ತದೆ.

ವಿಕಿ ಬಳಗದವಳು
ವಾರ್ಡುಗಳ ತೊಂದರೆಗೆ ವಿಕಿಡೇಟಾದಲ್ಲಿ ಒಂದು ದಾರಿ ಇದೆ. ಹಳೆಯ 50 ಮತ್ತು ಹೊಸ 50ಕ್ಕೆ ಬೇರೆ ಬೇರೆ ಕ್ಯೂ ಸಂಖ್ಯೆಗಳನ್ನು ಕೊಟ್ಟು, ಪ್ರತಿ ಹೇಳಿಕೆಗೂ ಆರಂಭದ ಮತ್ತು ಕೊನೆಯ ದಿನಾಂಕಗಳನ್ನು ಕಟ್ಟಬಹುದು. ಕೈಕೆಲಸ ಹೆಚ್ಚು, ಆದರೆ ಒಮ್ಮೆ ಮಾಡಿದರೆ ಹಳೆಯ ದಾಖಲೆಗಳು ಅರ್ಥ ಕಳೆದುಕೊಳ್ಳುವುದಿಲ್ಲ.

ಗಾಂಧಿಬಜಾರ್ ಪ್ರಕಾಶಕ
ಎರಡು ಉಪಪ್ರಶ್ನೆಗಳು. ಒಂದು, ಕಡಲೆಕಾಯಿ ಪರಿಷೆಯ ದಿನಗಳಲ್ಲಿ ನಾವು ಪ್ರತಿವರ್ಷ ಪುಸ್ತಕದ ಮಳಿಗೆ ಹಾಕುತ್ತೇವೆ. 'ಕಾರ್ತಿಕದ ಕಡೆಯ ಸೋಮವಾರ' ಎಂದು ಒಮ್ಮೆ ಬರೆದರೆ ಯಂತ್ರಗಳು ಪ್ರತಿವರ್ಷದ ದಿನವನ್ನು ತಾವೇ ಲೆಕ್ಕಹಾಕುತ್ತವೆಯೇ? ಎರಡು, ಎಲ್ಲವನ್ನೂ ಹೀಗೆ ಚೊಕ್ಕಟವಾಗಿ ಜೋಡಿಸಿಟ್ಟರೆ ಎಐ ಕಂಪನಿಗಳು ಬಿಟ್ಟಿಯಾಗಿ ಎತ್ತಿಕೊಂಡು ಹೋಗುವುದಿಲ್ಲವೇ?

ಜಯನಗರ ನಾಲ್ಕನೇ ಬ್ಲಾಕ್
ಮೊದಲನೆಯದಕ್ಕೆ ಉತ್ತರ: ಲೆಕ್ಕಹಾಕುವುದಿಲ್ಲ. ಸ್ಕೀಮಾದಲ್ಲಿ ಮರುಕಳಿಸುವ ಕಾರ್ಯಕ್ರಮಗಳಿಗೆ ಅಂಕಣಗಳಿವೆ. ಆದರೆ ಅವು ಜನವರಿಯಿಂದ ಡಿಸೆಂಬರ್‌ವರೆಗಿನ ಪಂಚಾಂಗವನ್ನು ಮಾತ್ರ ಬಲ್ಲವು. ಬೇರೆ ಪಂಚಾಂಗಗಳ ಪ್ರಕಾರ ಮರುಕಳಿಸುವ ದಿನಗಳಿಗೆಂದು 2015ರಲ್ಲಿ, ಕ್ಯಾಲೆಂಡರಿನ ಮಾಹಿತಿಯನ್ನು ಹಂಚುವ ಐಕ್ಯಾಲೆಂಡರ್ ಎಂಬ ಮಾನದಂಡಕ್ಕೆ ಒಂದು ವಿಸ್ತರಣೆ ಬಂದಿತು. ಅದು ನೆಚ್ಚಿಕೊಳ್ಳುವ ಯೂನಿಕೋಡ್ ಪಟ್ಟಿಯಲ್ಲಿ 'ಇಂಡಿಯನ್' ಎಂದು ಇರುವುದು 1957ರಲ್ಲಿ ಸರ್ಕಾರ ಜಾರಿಗೆ ತಂದ ಶಕ ರಾಷ್ಟ್ರೀಯ ಪಂಚಾಂಗ. ನಮ್ಮ ಚಾಂದ್ರಮಾನದ ಕಾರ್ತಿಕ ಮಾಸ ಅದಲ್ಲ. ಹಾಗಾಗಿ ಪ್ರತಿವರ್ಷ ಪಂಚಾಂಗ ನೋಡಿ, ದಿನವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ನೀವೇ ಬರೆಯಬೇಕು. 4/5 ಎಂದು ಬರೆದು ಅದು ಮೇ ತಿಂಗಳೋ ಏಪ್ರಿಲ್ ತಿಂಗಳೋ ಎಂಬ ಗೊಂದಲಕ್ಕೆ ಎಡೆಮಾಡಬೇಡಿ. ಕಳೆದ ವರ್ಷದ ಪುಟವನ್ನು ತಿದ್ದದೆ, ಹೊಸ ವರ್ಷಕ್ಕೆ ಹೊಸ ಪುಟವನ್ನೇ ಮಾಡಿ.

ಎರಡನೆಯದನ್ನು ಬೇರೆಯವರು ಹೇಳಲಿ, ನನಗೆ ಅದರಲ್ಲಿ ಸಮಾಧಾನದ ಉತ್ತರ ಸಿಕ್ಕಿಲ್ಲ.

ವೈಟ್‌ಫೀಲ್ಡ್ ವಾಸಿ
ಎರಡನೆಯದು ನನ್ನ ಕ್ಷೇತ್ರ. ಎತ್ತಿಕೊಂಡು ಹೋಗುತ್ತಾರೆ. ರೋಬೋಟ್ಸ್ ಕಡತ ಎಂಬ ಒಂದು ಏರ್ಪಾಡು 1994ರಿಂದ ಇದೆ. ಯಾವ ಯಂತ್ರ ಯಾವ ಪುಟಗಳನ್ನು ಓದಬಾರದೆಂದು ಅದರಲ್ಲಿ ಬರೆಯಬಹುದು. 2022ರಲ್ಲಿ ಅದಕ್ಕೆ ಆರ್‌ಎಫ್‌ಸಿ 9309 ಎಂಬ ಅಧಿಕೃತ ರೂಪವೂ ಬಂದಿತು. ಇದು ಪ್ರವೇಶವನ್ನು ತಡೆಯುವ ಬೀಗವಲ್ಲವೆಂದು ಆ ದಾಖಲೆಯೇ ಹೇಳುತ್ತದೆ. ಮರ್ಯಾದಸ್ಥರು ಪಾಲಿಸುತ್ತಾರೆ, ಉಳಿದವರು ಇಲ್ಲ.

ನನ್ನ ಮೂಲ ಆಕ್ಷೇಪವೂ ಇಲ್ಲಿಯೇ ಇದೆ. ತಾಣದವರು ಪ್ರಶ್ನೋತ್ತರಗಳನ್ನು ಶಿಸ್ತಾಗಿ ಗುರುತುಹಾಕಿ ಕೊಟ್ಟರೆ ಹುಡುಕು ಫಲಿತಾಂಶದಲ್ಲಿ ಅವು ವಿಶೇಷವಾಗಿ ಕಾಣುತ್ತವೆ ಎಂದು ಗೂಗಲ್ ಪ್ರೋತ್ಸಾಹಿಸಿತು. ಜನ ಹಣ ಕೊಟ್ಟು ಮಾಡಿಸಿದರು. 2023ರ ಆಗಸ್ಟ್‌ನಲ್ಲಿ, ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳನ್ನು ಬಿಟ್ಟು ಉಳಿದವರಿಗೆ ಅದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲವೆಂದು ಪ್ರಕಟಿಸಿದರು. ಪದಕೋಶ ಎಲ್ಲರದಾಗಿರಬಹುದು, ಆದರೆ ಅದನ್ನು ಯಾವಾಗ ಗೌರವಿಸಬೇಕು ಎಂಬ ತೀರ್ಮಾನ ಅವರೊಬ್ಬರದೇ.

ಲೆಕ್ಕಪತ್ರ ಮಲ್ಲೇಶ್ವರ
ಅದು ನಿಜವಾದ ಆಕ್ಷೇಪ. ಆದರೂ ಪ್ರಕಾಶಕರ ಲೆಕ್ಕ ಬೇರೆ. ಉತ್ತರವನ್ನು ಹುಡುಕು ಫಲಿತಾಂಶದಲ್ಲಿಯೇ ಓದಿ ಜನ ತಾಣಕ್ಕೆ ಬರದಿದ್ದರೆ ಸುದ್ದಿ ತಾಣಕ್ಕೆ ನಷ್ಟ, ಅವರು ಮಾರುವುದೇ ಓದನ್ನು. ಇವರು ಮಾರುವುದು ಪುಸ್ತಕವನ್ನು. ಬೆಲೆ, ಮುದ್ರಣ, ಲೇಖಕರ ಹೆಸರು ಎಲ್ಲಿ ಕಂಡರೂ ಸರಿಯಾಗಿ ಕಂಡರೆ ಇವರಿಗೆ ಲಾಭವೇ. ಪುಸ್ತಕದ ಒಳಗಿನ ಪಠ್ಯವನ್ನು ತಾಣದಲ್ಲಿ ಹಾಕದಿದ್ದರಾಯಿತು.

ವೈಟ್‌ಫೀಲ್ಡ್ ವಾಸಿ
ಪುಸ್ತಕದ ಮಟ್ಟಿಗೆ ಒಪ್ಪಿದೆ. ಅಚ್ಚು ಒಂದೇ ಸಲದ ಖರ್ಚಾದರೆ ಮಾಡಿಸಲಿ. ಪುಟದ ಲೆಕ್ಕದಲ್ಲಾದರೆ ಕವನಸಂಕಲನವೇ ಮೇಲು.

ನಿವೃತ್ತ ಗ್ರಂಥಪಾಲಕಿ
ಬೆಲೆಯ ಗೊಂದಲದ ಬಗ್ಗೆ ಯಾರೂ ಹೇಳಲಿಲ್ಲ. ಪ್ರಕಾಶಕರೇ, ಪರಿಷ್ಕೃತ ಆವೃತ್ತಿಗೂ ಹಳೆಯ ಐಎಸ್‌ಬಿಎನ್ನನ್ನೇ, ಎಂದರೆ ಪುಸ್ತಕದ ಗುರುತಿನ ಸಂಖ್ಯೆಯನ್ನೇ, ಮುಂದುವರಿಸಿದ್ದೀರಾ?

ಗಾಂಧಿಬಜಾರ್ ಪ್ರಕಾಶಕ
ಹೌದು ಮೇಡಂ. ಒಂದು ಅಧ್ಯಾಯ ಸೇರಿಸಿ, ಮುಖಪುಟ ಬದಲಿಸಿ, ಅದೇ ಸಂಖ್ಯೆಯನ್ನು ಇಟ್ಟಿದ್ದೇವೆ. ಇ-ಪುಸ್ತಕಕ್ಕೂ ಅದೇ ಸಂಖ್ಯೆ ಇದೆ.

ನಿವೃತ್ತ ಗ್ರಂಥಪಾಲಕಿ
ಹಾಗಾದರೆ ಹುಡುಕು ತಾಣವನ್ನು ದೂರಿ ಫಲವಿಲ್ಲ. ಒಂದೇ ಸಂಖ್ಯೆಗೆ ಮೂರು ಬೆಲೆಗಳಿದ್ದರೆ ಯಂತ್ರ ಯಾವುದನ್ನು ನಂಬಬೇಕು? ಬರೀ ಮರುಮುದ್ರಣವಾದರೆ ಹಳೆಯ ಐಎಸ್‌ಬಿಎನ್ ಸಾಕು. ಪಠ್ಯ ಗಮನಾರ್ಹವಾಗಿ ಬದಲಾದರೆ ಹೊಸದು ಬೇಕು. ಗಟ್ಟಿರಟ್ಟಿಗೆ ಒಂದು, ಸಾದಾ ರಟ್ಟಿಗೆ ಒಂದು, ಇ-ಪುಸ್ತಕಕ್ಕೆ ಪ್ರತ್ಯೇಕವಾಗಿ ಇನ್ನೊಂದು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿಯೇ ಕೊಡುತ್ತದೆ, ಜಿಪುಣತನ ಮಾಡುವ ಅಗತ್ಯವಿಲ್ಲ. ಆಮೇಲೆ ತಾಣದಲ್ಲಿ ಕೃತಿ ಒಂದು, ಅದರ ಆವೃತ್ತಿಗಳು ಹಲವು ಎಂದು ಬಿಡಿಸಿ ತೋರಿಸಿ.

ಜಯನಗರ ನಾಲ್ಕನೇ ಬ್ಲಾಕ್
ಸ್ಕೀಮಾದಲ್ಲಿ ಅದಕ್ಕೆ 'ವರ್ಕ್ ಎಕ್ಸಾಂಪಲ್' ಎಂಬ ಅಂಕಣವಿದೆ, ಮೇಡಂ ಹೇಳಿದ ರೀತಿಯಲ್ಲಿಯೇ. ಪ್ರತಿ ಆವೃತ್ತಿಗೂ ಅದರದೇ ಐಎಸ್‌ಬಿಎನ್, ಅದರದೇ ಬೆಲೆ. ಪ್ರಕಾಶಕರೇ, ಹೊಸ ಸಂಖ್ಯೆಗಳು ಕೈಗೆ ಬಂದ ಮೇಲೆ ಒಂದು ಪುಸ್ತಕಕ್ಕೆ ಮಾದರಿ ಬರೆದುಕೊಡುತ್ತೇನೆ; ಹುಡುಗ ಅದನ್ನೇ ಅಚ್ಚಾಗಿ ಬಳಸಲಿ. ಸೊನ್ನೆಗಳನ್ನು ಮಾತ್ರ ಅದಕ್ಕೂ ಮೊದಲು ತೆಗೆಸಿಬಿಡಿ.

ಅಕ್ಷರ ತಪಾಸಿಗ
ಶೀರ್ಷಿಕೆಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕಳುಹಿಸಿ, ನೋಡಿಕೊಡುತ್ತೇನೆ. ಪಿಡಿಎಫ್‌ನಲ್ಲಿ ಕಳುಹಿಸಬೇಡಿ.